ತೊದಲಿಗೊಂದು ಕನ್ನಡದ ಅಳತೆಗೋಲು

1972ರಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ನಿಯತಕಾಲಿಕದಲ್ಲಿ ಬಾಬು, ರತ್ನ, ಬೆಟ್ಟಗೇರಿ ಎಂಬ ಮೂವರು ಸೇರಿ ಬರೆದ ಒಂದು ಪ್ರಬಂಧ ಅಚ್ಚಾಯಿತು. ಕನ್ನಡ ಮಾತಾಡುವ ಮಗು ಯಾವ ಧ್ವನಿಯನ್ನು ಸರಿಯಾಗಿ ಉಚ್ಚರಿಸುತ್ತದೆ, ಯಾವುದನ್ನು ನುಂಗುತ್ತದೆ, ಯಾವುದರ ಜಾಗದಲ್ಲಿ ಯಾವುದನ್ನು ತರುತ್ತದೆ ಎಂದು ಪರೀಕ್ಷಿಸುವ ಕ್ರಮವೊಂದನ್ನು ಅದು ಮುಂದಿಟ್ಟಿತ್ತು. ನೋಡಲು ಸಣ್ಣ ಕೆಲಸ. ಇಂಥ ಪರೀಕ್ಷೆಗೆ ಬೇಕಾದದ್ದು ಒಂದಷ್ಟು ಪದಗಳು, ಗುರುತು ಹಾಕಿಕೊಳ್ಳಲು ಒಂದು ಹಾಳೆ, ತಾಳ್ಮೆಯ ಕಿವಿ, ಅಷ್ಟೇ. ಆದರೂ ಕನ್ನಡ ನಾಡಿನಲ್ಲಿ ಸ್ಪೀಚ್ ಥೆರಪಿ ಎಂಬ ವೃತ್ತಿ ಬೇರು ಬಿಟ್ಟದ್ದು ಇಂಥ ಹಾಳೆಗಳ ಮೂಲಕವೇ ಎಂಬುದು ನನ್ನ ವಾದ. ಸಂಸ್ಥೆ ಹುಟ್ಟಿದ್ದು 1965ರಲ್ಲಿ. 1966ರ ಜುಲೈನಲ್ಲಿ ರಾಷ್ಟ್ರಪತಿ ಸರ್ವೇಪಲ್ಲಿ ರಾಧಾಕೃಷ್ಣನ್ ಅದರ ಕಟ್ಟಡಕ್ಕೆ ಅಡಿಗಲ್ಲು ಹಾಕಿದರು. ಕಟ್ಟಡವನ್ನು ಸರ್ಕಾರ ಕಟ್ಟಿಸಬಹುದು, ಯಂತ್ರಗಳನ್ನು ಹೊರದೇಶದಿಂದ ತರಿಸಬಹುದು. ಒಂದು ಭಾಷೆಯ ಮಗುವಿನ ಮಾತಿನಲ್ಲಿ ಯಾವುದು ವಯಸ್ಸಿಗೆ ತಕ್ಕ ತೊದಲು, ಯಾವುದು ತೊಂದರೆ ಎಂದು ಹೇಳುವ ಅಳತೆಗೋಲನ್ನು ಮಾತ್ರ ತರಿಸಿಕೊಳ್ಳಲಾಗದು. ಅದನ್ನು ಆ ಭಾಷೆಯ ಮಕ್ಕಳ ಮಾತನ್ನು ಕೇಳಿಯೇ ಮಾಡಬೇಕು. ಅಂದಹಾಗೆ ಆ ಮೂವರಲ್ಲಿ ನಡುವಿನ ಹೆಸರು ಕನ್ನಡ ಓದುಗರಿಗೆ ಹೊಸದಲ್ಲ. ‘ಎಲ್ಲಿಗೆ’, ‘ಬೊಂತೆ’ ಮುಂತಾದ ಅಸಂಗತ ನಾಟಕಗಳನ್ನು ಬರೆದ, ಮೈಸೂರಿನ ‘ಸಮತೆಂತೋ’ ರಂಗತಂಡದ ನ. ರತ್ನ ಇವರೇ, ಮುಂದೆ ಇದೇ ಸಂಸ್ಥೆಯ ನಿರ್ದೇಶಕರೂ ಆದರು. ಮಾತು ಹೇಗೆ ಸೋಲುತ್ತದೆ ಎಂಬುದನ್ನು ಹಗಲು ಆಸ್ಪತ್ರೆಯಲ್ಲೂ ಸಂಜೆ ರಂಗದ ಮೇಲೂ ನೋಡಿದ ಬೇರೊಬ್ಬ ಕನ್ನಡ ಲೇಖಕರು ನೆನಪಿಗೆ ಬರುವುದಿಲ್ಲ.

ಅಳೆಯದೆ ಮದ್ದು ಕೊಟ್ಟವರ ಚರಿತ್ರೆ ಬಹಳ ಹಳೆಯದು. ಮಗುವಿಗೆ ಮಾತು ತಡವಾದರೆ ನಮ್ಮಲ್ಲಿ ಬಜೆಯ ಬೇರನ್ನು ತೇಯ್ದು ನಾಲಿಗೆಗೆ ಸವರುತ್ತಿದ್ದರು, ಈಗಲೂ ಸವರುವವರಿದ್ದಾರೆ. ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿದೆ ಎಂದು ಅದನ್ನು ಕೊಯ್ಯಿಸುವುದುಂಟು, ದೇವರಿಗೆ ಹರಕೆ ಹೊರುವುದುಂಟು. ಇದನ್ನೆಲ್ಲ ಹಳ್ಳಿಯ ಅಜ್ಞಾನ ಎಂದು ನಗುವ ಮುನ್ನ ಯುರೋಪಿನ ಆಸ್ಪತ್ರೆಗಳತ್ತ ಒಮ್ಮೆ ನೋಡಬೇಕು. 1841ರಲ್ಲಿ ಬರ್ಲಿನ್ನಿನ ಹೆಸರಾಂತ ಶಸ್ತ್ರವೈದ್ಯ ಯೋಹಾನ್ ಫ್ರೀಡ್ರಿಕ್ ಡೀಫನ್‌ಬಾಖ್ ಉಗ್ಗು ವಾಸಿಮಾಡಲೆಂದು ನಾಲಿಗೆಯ ಬುಡದಿಂದ ಒಂದು ತುಂಡನ್ನೇ ಕತ್ತರಿಸಿ ಹೊಲಿದ. ಅರಿವಳಿಕೆ ಇನ್ನೂ ಬಳಕೆಗೆ ಬಾರದ ಕಾಲ ಅದು. ಅದೇ ವರ್ಷ ಫ್ರಾನ್ಸಿನಲ್ಲಿ, ಇಂಗ್ಲೆಂಡಿನಲ್ಲಿ ಇತರ ಶಸ್ತ್ರವೈದ್ಯರೂ ತಮ್ಮ ತಮ್ಮ ಬಗೆಯಲ್ಲಿ ಉಗ್ಗುವವರ ಬಾಯಿಗೆ ಕತ್ತರಿ ಹಾಕಿದರು. ಬಜೆ ತೇಯುವ ಅಜ್ಜಿಗೂ ಬರ್ಲಿನ್ನಿನ ಪಂಡಿತನಿಗೂ ಒಂದು ನಂಬಿಕೆ ಸಮಾನ: ಮಾತಿನ ದೋಷ ನಾಲಿಗೆಯದು. ಅಜ್ಜಿಯ ಮದ್ದಿನಲ್ಲಿ ನೋವು ಕಡಿಮೆ ಎಂಬುದಷ್ಟೇ ವ್ಯತ್ಯಾಸ. ಈ ನಂಬಿಕೆಯನ್ನು ಅಲುಗಿಸಿದ್ದು ರೋಗಿಯ ಮಾತನ್ನು ಹಾಗೇ ಕೇಳಿ ಬರೆದಿಟ್ಟುಕೊಂಡ ವೈದ್ಯರು. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ, ‘ಟಾನ್’ ಎಂಬೊಂದು ಸದ್ದನ್ನು ಬಿಟ್ಟು ಬೇರೇನನ್ನೂ ಹೆಚ್ಚುಕಡಿಮೆ ಹೇಳಲಾಗದಿದ್ದ ಲೆಬೋರ್ನ್ ಎಂಬ ರೋಗಿಯ ಮಿದುಳನ್ನು ಆತ ಸತ್ತಮೇಲೆ ಪರೀಕ್ಷಿಸಿದ. ನಾಲಿಗೆಗೆ ಏನೂ ಆಗಿರಲಿಲ್ಲ. ಮಿದುಳಿನ ಎಡ ಮುಂಭಾಗ ಹಾಳಾಗಿತ್ತು. 1874ರಲ್ಲಿ ಕಾರ್ಲ್ ವೆರ್ನಿಕೆ ಇದಕ್ಕೆ ವಿರುದ್ಧವಾದ ಬಗೆಯನ್ನು ವಿವರಿಸಿದ. ಅವನ ರೋಗಿಗಳು ಸರಾಗವಾಗಿ ಮಾತಾಡುತ್ತಿದ್ದರು, ಆದರೆ ಆ ಮಾತಿಗೆ ಅರ್ಥವಿರಲಿಲ್ಲ. ಎದುರಿನವರ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ಎರಡೂ ಬಗೆಯ ರೋಗಿಗಳು ‘ಮಾತು ಹೋಗಿದೆ’ ಎನ್ನಿಸಿಕೊಂಡವರೇ. ಹೋಗಿರುವುದು ಏನು ಎಂಬುದು ಮಾತ್ರ ಒಂದೇ ಅಲ್ಲ. ಸ್ಪೀಚ್ ಥೆರಪಿಯ ಪರೀಕ್ಷೆಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಬೆಳೆದವು. 1925ರಲ್ಲಿ ಅಮೆರಿಕದಲ್ಲಿ ಈ ವೃತ್ತಿಯವರ ಸಂಘ ಹುಟ್ಟಿತು, 1945ರಲ್ಲಿ ಬ್ರಿಟನ್ನಿನಲ್ಲಿ ಅವರ ಕಾಲೇಜು. ಎರಡು ಮಹಾಯುದ್ಧಗಳಲ್ಲಿ ತಲೆಗೆ ಗಾಯವಾಗಿ ಬಂದ ಸೈನಿಕರು ವೃತ್ತಿಯ ಬೆಳವಣಿಗೆಗೆ ದುಃಖದ ಕಾರಣವಾದರು.

ಮೈಸೂರಿಗೆ ಈ ವಿದ್ಯೆ ಬಂದಾಗ ಪಠ್ಯಪುಸ್ತಕಗಳ ಜೊತೆ ಪರೀಕ್ಷೆಗಳೂ ಇಂಗ್ಲಿಷಿನಲ್ಲೇ ಬಂದವು. ಪರೀಕ್ಷೆಯ ಕ್ರಮದಲ್ಲಿ ತಕರಾರಿಲ್ಲ. ಅದು ಇಂದಿಗೂ ಬಹುಮಟ್ಟಿಗೆ ಹಾಗೇ ಇದೆ. ಮೊದಲು ತಂದೆತಾಯಿಯ ಬಾಯಿಂದ ಮಗುವಿನ ಚರಿತ್ರೆ: ಹುಟ್ಟುವಾಗ ಅತ್ತಿತೇ, ಫಿಟ್ಸ್ ಬಂದಿತ್ತೇ, ಯಾವಾಗ ಕೂತಿತು, ಯಾವಾಗ ಮೊದಲ ಪದ ಆಡಿತು, ಮನೆತನದಲ್ಲಿ ಇನ್ಯಾರಿಗಾದರೂ ಹೀಗಿತ್ತೇ. ಆಮೇಲೆ ಕಿವಿ, ಏಕೆಂದರೆ ಕೇಳದ ಮಗುವಿಗೆ ಮಾತು ಬರುವುದು ಕಷ್ಟ. ತುಟಿ, ಹಲ್ಲು, ಅಂಗುಳ, ನಾಲಿಗೆಯ ಚಲನೆ ಅದರ ನಂತರ. ಮಗು ಎಷ್ಟು ಅರ್ಥಮಾಡಿಕೊಳ್ಳುತ್ತದೆ, ಎಷ್ಟು ಹೇಳುತ್ತದೆ, ಕಣ್ಣು ಕೂಡಿಸಿ ನೋಡುತ್ತದೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸುತ್ತದೆಯೇ ಎಂಬುದನ್ನು ಆಟವಾಡಿಸುತ್ತಲೇ ಗಮನಿಸುತ್ತಾರೆ. ತೊಡಕು ಎದುರಾಗುವುದು ಇದಾದ ಮೇಲೆ, ಭಾಷೆಯ ಒಳಗಿನ ವಿವರಗಳಿಗೆ ಇಳಿದಾಗ. ‘ಓಡು’ ಅನ್ನಬೇಕಾದ ಮಗು ‘ಓದು’ ಅಂದರೆ ಕನ್ನಡದಲ್ಲಿ ಅರ್ಥವೇ ಬೇರೆ. ಇಂಗ್ಲಿಷಿಗೆ ಈ ಡಕಾರ-ದಕಾರದ ಜೋಡಿ ಗೊತ್ತಿಲ್ಲ, ಹಾಗಾಗಿ ಅದರ ಪರೀಕ್ಷೆಯಲ್ಲಿ ಈ ತಪ್ಪಿಗೆ ಕಾಲಂ ಇಲ್ಲ. ‘ಕತೆ’ಗೂ ‘ಕತ್ತೆ’ಗೂ ನಡುವೆ ಇರುವುದು ಒಂದು ಒತ್ತು, ಕಾಗುಣಿತದಲ್ಲಿ ಇಮ್ಮಡಿ ಅಕ್ಷರ ಬರೆದರೂ ಇಂಗ್ಲಿಷ್ ಮಗು ಒಂದು ಪದದೊಳಗೆ ಹೀಗೆ ಒತ್ತಿ ಹೇಳಿ ಅರ್ಥ ಬೇರೆ ಮಾಡುವ ಪ್ರಮೇಯ ಬರುವುದಿಲ್ಲ. ತಿರುಗಿಸಿಯೂ ನೋಡಬಹುದು. ಪದದ ಕೊನೆಯ ವ್ಯಂಜನವನ್ನು ಬಿಟ್ಟುಬಿಡುವುದು ಇಂಗ್ಲಿಷ್ ಮಕ್ಕಳಲ್ಲಿ ಎದ್ದು ಕಾಣುವ ಲಕ್ಷಣ, ಅಲ್ಲಿನ ಪರೀಕ್ಷೆಗಳಲ್ಲಿ ಅದಕ್ಕೆ ದೊಡ್ಡ ಜಾಗ. ಹೆಚ್ಚಿನ ಪದಗಳು ಸ್ವರದಲ್ಲೇ ಮುಗಿಯುವ ಕನ್ನಡದಲ್ಲಿ ಅದನ್ನು ಹುಡುಕುತ್ತ ಕೂತರೆ ಸೇರಿನಲ್ಲಿ ಬಟ್ಟೆ ಅಳೆದಂತೆ. 1972ರ ಉಚ್ಚಾರಣಾ ಪರೀಕ್ಷೆ ಮಾಡಿದ ಉಪಕಾರ ಇದು: ಕನ್ನಡದ ಧ್ವನಿಗಳನ್ನು ಕನ್ನಡದ ಪದಗಳಲ್ಲಿ ಹುಡುಕಿತು. 1990ರ ಹೊತ್ತಿಗೆ ಪದಗಳಾಚೆ ವಾಕ್ಯ, ವ್ಯಾಕರಣ, ಅರ್ಥಗಳ ಬೆಳವಣಿಗೆಯನ್ನು ನೋಡುವ ಕನ್ನಡ ಭಾಷಾ ಪರೀಕ್ಷೆಯೂ ಬಂತು.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ನಾಲಿಗೆ, ಗಂಟಲು, ಕಿವಿ, ಮಿದುಳು ಎಲ್ಲರಿಗೂ ಒಂದೇ. ಸೀಳಂಗುಳದ ಮಗುವಿನ ಗಾಳಿ ಬಾಯಿಂದ ಮೂಗಿಗೆ ಸೋರುವುದು ಲಂಡನ್ನಿನಲ್ಲೂ ಲಿಂಗಸುಗೂರಿನಲ್ಲೂ ಒಂದೇ ರೀತಿ. ಹಾಗಿರುವಾಗ ಒಂದೊಂದು ಭಾಷೆಗೂ ಬೇರೆ ಬೇರೆ ಪರೀಕ್ಷೆ ಎಂದು ಹಟ ಹಿಡಿಯುವುದು ವಿಜ್ಞಾನವೋ ಭಾಷಾಭಿಮಾನವೋ? ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಕಿವಿ ಪರೀಕ್ಷಿಸುವ ಆಡಿಯೋಮೀಟರಿನ ‘ಪೀಂ’ ಸದ್ದಿಗೆ ಭಾಷೆಯಿಲ್ಲ. ಎಷ್ಟು ಡೆಸಿಬಲ್‌ನಲ್ಲಿ ಕೇಳಿಸಿತು ಎಂಬುದು ಎಲ್ಲಿ ಅಳೆದರೂ ಅಷ್ಟೇ. ಆದರೆ ಅದೇ ಕೋಣೆಯಲ್ಲಿ ಮುಂದಿನ ಹೆಜ್ಜೆ, ಪದಗಳನ್ನು ಕೇಳಿಸಿ ಎಷ್ಟು ಗುರುತಿಸುತ್ತಾರೆ ಎಂದು ನೋಡುವುದು. ಅಲ್ಲಿಗೆ ಬಂದ ಕೂಡಲೇ ಭಾಷೆ ಬಾಗಿಲಲ್ಲಿ ನಿಂತಿರುತ್ತದೆ. ಇಂಗ್ಲಿಷ್ ಬಾರದ ರೈತನಿಗೆ ಇಂಗ್ಲಿಷ್ ಪದಪಟ್ಟಿ ಕೇಳಿಸಿ ‘ಅರ್ಧಕ್ಕರ್ಧ ತಪ್ಪು’ ಎಂದು ಬರೆದರೆ ಅಳೆದದ್ದು ಅವನ ಕಿವಿಯನ್ನಲ್ಲ, ಓದನ್ನು. ಹಾಗಾಗಿಯೇ ಕನ್ನಡ ಪದಪಟ್ಟಿಗಳನ್ನು ಮಾಡಬೇಕಾಯಿತು, ಮೈಸೂರಿನಲ್ಲಿ ಮಾಡಿದರು.

ದೊಡ್ಡವರ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಚ್ಚಳ. ಲಕ್ವ ಹೊಡೆದು ಮಾತು ಕಳೆದುಕೊಂಡವರನ್ನು, ಅಂದರೆ ಅಫೇಸಿಯಾ ಆದವರನ್ನು, ಪರೀಕ್ಷಿಸುವ ಬಾಸ್ಟನ್ ಕ್ರಮ 1972ರಲ್ಲಿ ಬಂತು; ಆಂಡ್ರ್ಯೂ ಕೆರ್ಟೆಸ್ ರೂಪಿಸಿದ ವೆಸ್ಟರ್ನ್ ಅಫೇಸಿಯಾ ಬ್ಯಾಟರಿ 1982ರಲ್ಲಿ ಪ್ರಕಟವಾಯಿತು. ರೋಗಿ ತಾನಾಗಿ ಏನು ಹೇಳುತ್ತಾನೆ, ಹೇಳಿದ್ದು ಎಷ್ಟು ತಿಳಿಯುತ್ತದೆ, ಹೇಳಿಕೊಟ್ಟದ್ದನ್ನು ಮರಳಿ ಹೇಳಬಲ್ಲನೇ, ವಸ್ತುವಿನ ಹೆಸರು ಬಾಯಿಗೆ ಬರುತ್ತದೆಯೇ ಎಂಬ ನಾಲ್ಕು ದಾರಿಯಲ್ಲಿ ಅದು ಮಾತನ್ನು ತೂಗುತ್ತದೆ. ಕನ್ನಡಕ್ಕೆ ತರುವಾಗ ಚಿತ್ರದಲ್ಲಿನ ವಸ್ತುಗಳನ್ನು ಬದಲಿಸಿದರೆ ಸಾಕು ಎನಿಸಬಹುದು, ಸಾಲದು. ಬ್ರೋಕಾ ಬಗೆಯ ರೋಗಿ ಇಂಗ್ಲಿಷಿನಲ್ಲಿ ಸಣ್ಣಪುಟ್ಟ ಬಿಡಿಪದಗಳನ್ನು ಕೈಬಿಡುತ್ತಾನೆ. ಕನ್ನಡದಲ್ಲಿ ಆ ಕೆಲಸವನ್ನು ಮಾಡುವುದು ಪದದ ಬಾಲಕ್ಕೇ ಅಂಟಿದ ಪ್ರತ್ಯಯ. ‘ಮಗ ಶಾಲೆ ಹೋಗು’ ಅಂದವನ ಮಾತಿನಲ್ಲಿ ‘ಗೆ’ ಬಿದ್ದಿದೆ, ಕ್ರಿಯಾಪದ ಕಾಲವನ್ನೂ ಲಿಂಗವನ್ನೂ ಕಳೆದುಕೊಂಡಿದೆ. ಆದರೆ ‘ಹಾಲು ಕುಡಿದೆ’ ಅಂದವನು ‘ಅನ್ನು’ ಬಿಟ್ಟ ಎಂದು ಲೆಕ್ಕ ಹಾಕುವಂತಿಲ್ಲ. ಆರೋಗ್ಯವಾಗಿರುವ ಯಾವ ಕನ್ನಡಿಗನೂ ಮನೆಯಲ್ಲಿ ‘ಹಾಲನ್ನು ಕುಡಿದೆ’ ಎನ್ನುವುದಿಲ್ಲ. ವ್ಯಾಕರಣ ಪುಸ್ತಕ ಹಿಡಿದು ಪರೀಕ್ಷಿಸಲು ಕೂತವರು ನಾಡಿಗೆ ನಾಡನ್ನೇ ರೋಗಿಯಾಗಿಸಿಯಾರು. ಇಂಥ ಕಡೆ ಪ್ರತಿಭಾ ಕಾರಂತ್ ಅವರು 1980ರಲ್ಲಿ ಕನ್ನಡಕ್ಕಾಗಿ ಸಿದ್ಧಪಡಿಸಿದ ಲಿಂಗ್ವಿಸ್ಟಿಕ್ ಪ್ರೊಫೈಲ್ ಟೆಸ್ಟ್ ಒಂದು ಮೈಲಿಗಲ್ಲು. ಧ್ವನಿ, ವಾಕ್ಯರಚನೆ, ಅರ್ಥ ಎಂಬ ಮೂರು ಭಾಗಗಳಲ್ಲಿ ಕನ್ನಡದ ಕಟ್ಟಡವನ್ನೇ ಅದು ತನ್ನ ಚೌಕಟ್ಟಾಗಿ ಇಟ್ಟುಕೊಂಡಿತು. ಮರುವರ್ಷ, 1981ರಲ್ಲಿ, ಕನ್ನಡ-ಇಂಗ್ಲಿಷ್ ಎರಡೂ ಬಲ್ಲ ವ್ಯಕ್ತಿಯೊಬ್ಬರಲ್ಲಿ ಓದುವ ಶಕ್ತಿಯೇ ಕುಂದಿದ ಪ್ರಕರಣವನ್ನು ಅವರು ಅಂತರರಾಷ್ಟ್ರೀಯ ಪತ್ರಿಕೆಯೊಂದರಲ್ಲಿ ವಿವರಿಸಿದರು. ಇಂಗ್ಲಿಷಿನಂಥ ಅಕ್ಷರಮಾಲೆಯ ಲಿಪಿಗಳನ್ನಷ್ಟೇ ನೋಡಿ ಕಟ್ಟಿದ ಸಿದ್ಧಾಂತಗಳು ನಮ್ಮ ಕಾಗುಣಿತದ ಲಿಪಿಗೆ ಎಷ್ಟು ಹೊಂದುತ್ತವೆ ಎಂಬ ಪ್ರಶ್ನೆ ಆಗ ಎದ್ದದ್ದು ಇಂದಿಗೂ ತಣಿದಿಲ್ಲ. 2007ರಲ್ಲಿ ಸೊನಾಲಿ ನಾಗ್ ಕರ್ನಾಟಕದ ಶಾಲಾಮಕ್ಕಳ ಓದನ್ನು ಅಧ್ಯಯನ ಮಾಡಿ, ಇಂಗ್ಲಿಷ್ ಅಕ್ಷರಗಳನ್ನು ಕಲಿಯುವುದಕ್ಕೆ ಹೋಲಿಸಿದರೆ ಕನ್ನಡದ ಅಕ್ಷರಗಳು ಪೂರ್ತಿ ಕೈವಶವಾಗಲು ಬಹಳ ಹೆಚ್ಚು ಕಾಲ ಹಿಡಿಯುತ್ತದೆ ಎಂದು ತೋರಿಸಿದರು. ನೂರಾರು ಕಾಗುಣಿತ, ಒತ್ತಕ್ಷರಗಳನ್ನು ಕಲಿಯುವ ಮಗುವಿಗೆ ಇಂಗ್ಲಿಷಿನ ವೇಳಾಪಟ್ಟಿ ಹಿಡಿದು ‘ಓದಿನಲ್ಲಿ ಹಿಂದೆ’ ಎಂಬ ಹಣೆಪಟ್ಟಿ ಹಚ್ಚಿದರೆ ಅದು ಅನ್ಯಾಯ.

ಹಣೆಪಟ್ಟಿಯ ಮಾತು ಬಂದದ್ದರಿಂದ ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದನ್ನು ಎದುರಿಸಲೇಬೇಕು. ಅಳೆಯುವುದೇ ಕೆಡುಕಲ್ಲವೇ? ಮಗುವನ್ನು ಕೂರಿಸಿ, ತಪ್ಪು ಎಣಿಸಿ, ‘ನಿನಗೆ ತೊಂದರೆ ಇದೆ’ ಅಂದರೆ ಆ ಮಾತಿನಿಂದಲೇ ಮಗು ಕುಗ್ಗುವುದಿಲ್ಲವೇ? ಇದು ಬರೀ ಭಾವುಕತೆಯಲ್ಲ. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ವೆಂಡೆಲ್ ಜಾನ್ಸನ್ ಅವರ ಮಾರ್ಗದರ್ಶನದಲ್ಲಿ ಮೇರಿ ಟ್ಯೂಡರ್ ಎಂಬ ವಿದ್ಯಾರ್ಥಿನಿ ಒಂದು ಅನಾಥಾಲಯದ 22 ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಸರಾಗವಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನೀನು ಉಗ್ಗುತ್ತಿದ್ದೀಯ’ ಎಂದು ಮತ್ತೆ ಮತ್ತೆ ಹೇಳಲಾಯಿತು. ಆ ಮಕ್ಕಳು ಮಾತಿಗೇ ಹೆದರತೊಡಗಿದರು, ಬಾಯಿ ಮುಚ್ಚಿಕೊಂಡರು. ವಿಷಯ ಲೋಕಕ್ಕೆ ತಿಳಿದು ಅಯೋವಾ ವಿಶ್ವವಿದ್ಯಾಲಯ ಕ್ಷಮೆ ಕೇಳಿದ್ದು 2001ರಲ್ಲಿ. 2007ರಲ್ಲಿ ಅಯೋವಾ ರಾಜ್ಯ ಪರಿಹಾರವನ್ನೂ ಕೊಟ್ಟಿತು. ಈ ವೃತ್ತಿಯ ಚರಿತ್ರೆಯಲ್ಲಿ ಇದಕ್ಕಿಂತ ನಾಚಿಕೆಗೇಡಿನ ಪುಟವಿಲ್ಲ. ಆದರೆ ಅದರಿಂದ ತೆಗೆಯಬೇಕಾದ ತೀರ್ಮಾನ ಯಾವುದು? ಅಲ್ಲಿ ನಡೆದದ್ದು ಅಳತೆಯಲ್ಲ, ಸುಳ್ಳು. ಮಕ್ಕಳ ಮಾತಿನಲ್ಲಿ ಇಲ್ಲದ್ದನ್ನು ಇದೆ ಎಂದು ಹೇಳಿದರು. ಉಗ್ಗು ಹುಟ್ಟುವುದು ತಂದೆತಾಯಿ ಅದನ್ನು ಉಗ್ಗೆಂದು ಎತ್ತಿ ಆಡುವುದರಿಂದ ಎಂಬ ಜಾನ್ಸನ್ನರ ಸಿದ್ಧಾಂತವೂ ನಿಲ್ಲಲಿಲ್ಲ. ಉಗ್ಗಿಗೆ ಅನುವಂಶೀಯ ಕಾರಣಗಳು ಇವೆ ಎಂಬುದಕ್ಕೆ ಮುಂದೆ ಸಾಕಷ್ಟು ಪುರಾವೆ ಸಿಕ್ಕಿತು. ತಪ್ಪು ಅಳತೆ ಮಗುವಿಗೆ ಮಾಡುವ ಹಾನಿಯನ್ನು ಅಯೋವಾ ತೋರಿಸುತ್ತದೆ. ಅಂದಮೇಲೆ ಪರಭಾಷೆಯ ಅಳತೆಗೋಲಿನಿಂದ ಆರೋಗ್ಯವಂತ ಕನ್ನಡ ಮಗುವಿಗೆ ‘ತೊಂದರೆ’ ಎಂದು ಬರೆಯುವುದನ್ನು ಇನ್ನಷ್ಟು ಅಂಜಿಕೆಯಿಂದ ನೋಡಬೇಕಾಗುತ್ತದೆ.

‘ಬಿಡಿ, ಮಾತು ತಾನಾಗಿ ಬರುತ್ತೆ, ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು’ ಎನ್ನುವ ಮನೆಯ ಹಿರಿಯರ ಮಾತಿನಲ್ಲೂ ಅನುಭವದ ತಿರುಳಿದೆ. ಎರಡು-ಮೂರನೇ ವರ್ಷದಲ್ಲಿ ಉಗ್ಗತೊಡಗಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ಹೋಗುತ್ತದೆ. ತಡವಾಗಿ ಮಾತು ಕಲಿತ ಹಲವು ಮಕ್ಕಳು ಓರಗೆಯವರನ್ನು ಹಿಡಿಯುತ್ತಾರೆ. ಯಾವ ಮಗು ಆ ಗುಂಪಿನದು, ಯಾವುದು ಅಲ್ಲ ಎಂಬುದನ್ನು ಹಿರಿಯರು ಹೇಳಲಾರರು, ಅಷ್ಟೇ. ತಡವಾದ ಮಾತಿನ ಹಿಂದೆ ಕಿವುಡು ಇದ್ದರೆ ಕಾಯುವ ಒಂದೊಂದು ವರ್ಷವೂ ನಷ್ಟ, ಏಕೆಂದರೆ ಭಾಷೆಯನ್ನು ಸಲೀಸಾಗಿ ಹೀರಿಕೊಳ್ಳುವ ಎಳೆವಯಸ್ಸು ಕೈಜಾರಿ ಹೋಗುತ್ತದೆ. ಅಳತೆಯ ಮುಖ್ಯ ಪ್ರಯೋಜನ ಇದು. ಚಿಕಿತ್ಸೆ ಯಾರಿಗೆ ಬೇಕು ಎನ್ನುವಷ್ಟೇ ಯಾರಿಗೆ ಬೇಡ ಎನ್ನುವುದನ್ನೂ ಅದು ಹೇಳುತ್ತದೆ. ಬೇಕಾದವರಿಗೆ ಏನು ಮಾಡಬೇಕು ಎಂಬುದೂ ಅದರಿಂದಲೇ ಹೊರಡುತ್ತದೆ. ‘ಬಳೆ’ಯನ್ನು ‘ಬಲೆ’ ಎನ್ನುವ ಮಗುವಿನ ಮುಂದೆ ಎರಡರ ಚಿತ್ರವನ್ನೂ ಇಟ್ಟು, ತಪ್ಪು ಹೇಳಿದರೆ ತಪ್ಪು ಚಿತ್ರವೇ ಕೈಗೆ ಬರುವಂತೆ ಆಟವಾಡಿಸುತ್ತಾರೆ. ಉಗ್ಗುವವರಿಗೆ ಪದದ ಮೊದಲನ್ನು ಮೆಲ್ಲಗೆ ಎಳೆದು ಹೇಳುವ ಅಭ್ಯಾಸದ ಜೊತೆ, ಉಗ್ಗಿದರೂ ಅಂಜದೆ ಮಾತು ಮುಗಿಸುವ ಧೈರ್ಯವನ್ನೂ ಕಲಿಸುತ್ತಾರೆ. ಮಾತು ಬಾರದೆ ಹಾಡು ಉಳಿದಿರುವ ಲಕ್ವ ರೋಗಿಗಳಿಗೆ ರಾಗದ ಮೂಲಕ ಮಾತನ್ನು ಎಬ್ಬಿಸುವ ಕ್ರಮ 1973ರಿಂದ ಬಳಕೆಯಲ್ಲಿದೆ. ಬಾಯಿಮಾತು ಬರುವುದೇ ಇಲ್ಲ ಎಂದು ಕಂಡರೆ ಚಿತ್ರದ ಹಲಗೆ, ಸನ್ನೆ, ಮಾತಾಡುವ ಯಂತ್ರ. ಹಾಗೆ ಕೊಟ್ಟರೆ ಬರುವ ಮಾತೂ ನಿಂತುಹೋಗುತ್ತದೆ ಎಂಬ ಭಯ ತಂದೆತಾಯಿಯಲ್ಲಿ ಸಾಮಾನ್ಯ. ಆ ಭಯಕ್ಕೆ ಆಧಾರವಿಲ್ಲ. ಕಿವುಡರ ಶಿಕ್ಷಣದಲ್ಲಂತೂ 1880ರ ಮಿಲಾನ್ ಸಮ್ಮೇಳನ ಸನ್ನೆಯನ್ನು ಶಾಲೆಯಿಂದ ಹೊರಗಟ್ಟಲು ಗೊತ್ತುವಳಿ ಮಾಡಿ, ಎಷ್ಟೋ ತಲೆಮಾರುಗಳ ಮಕ್ಕಳಿಗೆ ಇದ್ದ ಭಾಷೆಯನ್ನೂ ಕಸಿಯಿತು.

ಇಷ್ಟು ಹೊಗಳಿದ ಮೇಲೆ ಕನ್ನಡದ ಅಳತೆಗೋಲಿನ ಕೊರತೆಯನ್ನೂ ಹೇಳಬೇಕು. ಅದು ಯಾರ ಕನ್ನಡ? ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿ ‘ಹಾಲು’ ಎಂಬುದು ‘ಆಲು’. ಮಹಾಪ್ರಾಣ ಬಹುಪಾಲು ಕನ್ನಡಿಗರ ಬಾಯಲ್ಲಿ ಅಲ್ಪಪ್ರಾಣ. ಶಕಾರ ಸಕಾರವಾಗುವುದು, ಣಕಾರ ನಕಾರವಾಗುವುದು ನಾಡಿನ ಹಲವೆಡೆ ಸಹಜ. ಇದನ್ನೆಲ್ಲ ದೋಷವೆಂದು ಗುರುತು ಹಾಕಿದರೆ ಪರೀಕ್ಷೆ ಅಳೆಯುವುದು ಮಗುವಿನ ಜಾತಿ, ಊರು, ಅಪ್ಪನ ಓದು. ಕಾರಂತ್ ಮತ್ತು ಅವರ ಜೊತೆಗಾರರ ಅಧ್ಯಯನಗಳೇ ತೋರಿಸಿದಂತೆ, ಒಂದು ವಾಕ್ಯ ಸರಿಯೋ ತಪ್ಪೋ ಎಂದು ತೀರ್ಪು ಕೊಡುವ ಸಾಮರ್ಥ್ಯಕ್ಕೂ ಶಾಲೆಯ ಓದುಬರಹಕ್ಕೂ ಹತ್ತಿರದ ನಂಟಿದೆ. ಅಂದರೆ ಓದದ ಮುದುಕಿಯ ಕಡಿಮೆ ಅಂಕವನ್ನು ಲಕ್ವದ ತಲೆಗೆ ಕಟ್ಟುವ ಅಪಾಯ ಸದಾ ಇದೆ. ಧಾರವಾಡ, ಕಲಬುರಗಿ ಸೀಮೆಯ ಮಾತಿನ ಲಯವೇ ಬೇರೆ, ಕ್ರಿಯಾಪದದ ರೂಪಗಳೇ ಬೇರೆ. ಮಂಗಳೂರಿನ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಆಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಕನ್ನಡದ ಪರೀಕ್ಷೆಗಳು ಬೆಳೆದದ್ದು ಹೆಚ್ಚಾಗಿ ಮೈಸೂರು, ಬೆಂಗಳೂರಿನ ಆಸುಪಾಸಿನಲ್ಲಿ. ಇಂಗ್ಲಿಷಿನ ಪರೀಕ್ಷೆ ಕನ್ನಡಕ್ಕೆ ಸಲ್ಲದು ಎಂದು ವಾದಿಸಿದವರು ಮೈಸೂರಿನ ಪರೀಕ್ಷೆ ಸುರಪುರಕ್ಕೆ ಸಲ್ಲುತ್ತದೆಯೇ ಎಂಬ ಪ್ರಶ್ನೆಗೂ ಉತ್ತರಿಸಬೇಕಾಗುತ್ತದೆ. ನುರಿತ ಥೆರಪಿಸ್ಟ್‌ಗಳು ಉತ್ತರಿಸುವುದು ಹೀಗೆ: ಅಂಕವನ್ನು ಕೊನೆಯ ಮಾತೆಂದು ನಂಬದೆ, ಅಮ್ಮ, ಅಜ್ಜಿ ಆಡುವ ಮಾತನ್ನೂ ಕೇಳಿ ಮಗುವಿನ ಮಾತನ್ನು ಅದರ ಪಕ್ಕಕ್ಕಿಟ್ಟು ನೋಡುವುದು. ಸರಿಯಾದ ದಾರಿಯೇ. ಆದರೆ ಅದು ಥೆರಪಿಸ್ಟ್‌ನ ವಿವೇಕವನ್ನು ನಂಬಿದ ದಾರಿ, ನೂರು ಮಂದಿ ಸರದಿಯಲ್ಲಿ ಕಾಯುತ್ತಿರುವ ಆಸ್ಪತ್ರೆಯಲ್ಲಿ ವಿವೇಕಕ್ಕೆ ಪುರಸೊತ್ತು ಸಿಗುವುದಿಲ್ಲ.

ಮಕ್ಕಳೆಲ್ಲ ಇಂಗ್ಲಿಷ್ ಮೀಡಿಯಮ್ಮಿಗೆ ಹೋಗುವ ಈ ಕಾಲದಲ್ಲಿ ಕನ್ನಡದ ಪರೀಕ್ಷೆ ಯಾರಿಗೆ ಬೇಕು ಎನ್ನುವವರಿಗೆ ಚುಟುಕಾಗಿ ಹೇಳಿದರೆ ಸಾಕು. ಭಾಷೆಯ ನಿಜವಾದ ತೊಂದರೆ ಮಗುವಿನ ಎಲ್ಲ ಭಾಷೆಗಳಲ್ಲೂ ಕಾಣುತ್ತದೆ. ಒಂದರಲ್ಲಿ ಮಾತ್ರ ಕಂಡರೆ ಅದು ಕಲಿಕೆಯ ಕೊರತೆ. ಮನೆಮಾತಿನಲ್ಲಿ ಪರೀಕ್ಷಿಸದೆ ಈ ವ್ಯತ್ಯಾಸ ಗೊತ್ತಾಗುವುದೇ ಇಲ್ಲ. ಮಾತು ತಡವಾದ ಮಗುವಿಗೆ ‘ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ’ ಎಂದು ಕೊಡುವ ಸಲಹೆಗೆ ಪುರಾವೆಯ ಬೆಂಬಲವಿಲ್ಲ; ಅಜ್ಜಿಯ ಕತೆಯೂ ತಪ್ಪಿ, ತಾಯಿಯ ಸರಾಗ ಮಾತೂ ತಪ್ಪಿ, ಮಗುವಿನ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ.

ಕಾನೂನು ಈ ಚರಿತ್ರೆಗೆ ಸೇರಿದ್ದು ತಡವಾಗಿ. 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆ ಈ ವೃತ್ತಿಯವರು ನೋಂದಣಿ ಮಾಡಿಸಬೇಕೆಂದಿತು. 1995ರ ಅಂಗವಿಕಲರ ಕಾಯ್ದೆಯ ಏಳು ಬಗೆಗಳಲ್ಲಿ ಮಾತಿನ ತೊಂದರೆಗೆ ಪ್ರತ್ಯೇಕ ಜಾಗವಿರಲಿಲ್ಲ. 2011ರ ಜನಗಣತಿ ದೇಶದಲ್ಲಿ ಮಾತಿನ ತೊಂದರೆಯುಳ್ಳವರು ಸುಮಾರು 20 ಲಕ್ಷ ಎಂದು ಎಣಿಸಿತು. ಮನೆಬಾಗಿಲಲ್ಲಿ ನಿಂತು ಕೇಳುವ ಒಂದು ಪ್ರಶ್ನೆಗೆ ಉಗ್ಗುವವರು, ಲಕ್ವದಿಂದ ಮಾತು ತಡವರಿಸುವವರು ಎಷ್ಟು ಮಂದಿ ‘ಹೌದು’ ಎಂದಿರಬಹುದು ಎಂಬ ಅನುಮಾನ ಉಳಿಯುತ್ತದೆ. 2016ರ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಪಟ್ಟಿಮಾಡಿ, ಮಾತು ಮತ್ತು ಭಾಷೆಯ ತೊಂದರೆಯನ್ನು ಕಡೆಗೂ ಸೇರಿಸಿತು. ಆದರೆ ಅದರ ವಿವರಣೆ ಧ್ವನಿಪೆಟ್ಟಿಗೆ ತೆಗೆಸಿಕೊಂಡವರು, ಅಫೇಸಿಯಾ ಆದವರು ಮುಂತಾಗಿ ದೇಹದ ಅಥವಾ ನರದ ಕಾರಣದಿಂದ ಶಾಶ್ವತ ತೊಂದರೆ ಉಳ್ಳವರಿಗೆ ಸೀಮಿತ. ಪ್ರಮಾಣಪತ್ರದಲ್ಲಿ ಶೇಕಡಾವಾರು ಬರೆಯಬೇಕು, ಆ ಅಂಕಿ ಹೊರಡುವುದು ಪರೀಕ್ಷೆಯಿಂದ. ಹಾಗಾಗಿ ಕಲಬುರಗಿಯಲ್ಲಿ ಲಕ್ವ ಹೊಡೆದು ಮಾತು ಕಳೆದುಕೊಂಡ ಒಬ್ಬ ಕೂಲಿಯವನಿಗೆ ಪಿಂಚಣಿ ಸಿಗುವುದೋ ಇಲ್ಲವೋ ಎಂಬುದು ಅವನ ಕನ್ನಡವನ್ನು ಬಲ್ಲ ಅಳತೆಗೋಲು ಅಲ್ಲಿದೆಯೇ ಎಂಬುದರ ಮೇಲೂ ನಿಂತಿದೆ. ಉತ್ತರ ಕರ್ನಾಟಕ, ಕರಾವಳಿ, ಮಲೆನಾಡುಗಳ ಮಾತಿಗೆ ಹೊಂದುವ ಮಾನದಂಡಗಳನ್ನು ಸಿದ್ಧಪಡಿಸಿ, ಜಿಲ್ಲಾ ಆಸ್ಪತ್ರೆಗಳಿಗೆ ತಲುಪಿಸುವ ಕೆಲಸವನ್ನು ರಾಜ್ಯ ಸರ್ಕಾರ, ವಿಶ್ವವಿದ್ಯಾಲಯಗಳು, ಮೈಸೂರಿನ ಸಂಸ್ಥೆ ಕೂಡಿ ಕೈಗೆತ್ತಿಕೊಳ್ಳಬೇಕು. 1972ರಲ್ಲಿ ಮೂವರು ಶುರುಮಾಡಿದ ಕೆಲಸಕ್ಕೆ ಈಗ ಜನವೂ ಇದ್ದಾರೆ, ಹಣವೂ ಇದೆ.